ಸುವರ್ಣಮ್ಮನ ಹೊಲದ ಬೇರುಗಂಟು

ಸುವರ್ಣಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಯಳಂದೂರಿನ ಸಂತೆಯಲ್ಲಿ ತಕ್ಕಡಿಯ ತಳ ತಡವಿ ನೋಡದೆ ಒಂದು ಹಿಡಿ ಮೆಣಸಿನಕಾಯಿಯನ್ನೂ ಕೊಳ್ಳುತ್ತಿರಲಿಲ್ಲ. ಊರಿನವರು ಅದನ್ನು ಹುಟ್ಟುಗುಣ ಎಂದರು. ಹುಟ್ಟುಗುಣ ಅಲ್ಲ, ಊರೇ ಕಲಿಸಿದ ಗುಣ. ಗಂಡ ತೀರಿದ ಮೇಲೆ ಪಾಲು ಮಾಡುವಾಗ ಗಂಡನ ಅಣ್ಣ ವೃಷಭೇಂದ್ರಪ್ಪ, ಮನೆಯವರ ನಡುವೆ ಬಾಯಿಮಾತು ಸಾಕು ಅಂದಿದ್ದ. ಆ ಬಾಯಿಮಾತಿನಲ್ಲೇ ನಾಲೆ ಪಕ್ಕದ ಮೇಲಿನ ಜಮೀನು ಅವನದಾಯಿತು, ತಗ್ಗಿನ ತುಂಡು ಇವಳಿಗೆ ಉಳಿಯಿತು. ಪಾಲು ಮಾಡಿಸಿದ ಹಿರಿಯರು ಊಟ ಮಾಡಿ ಎದ್ದು ಹೋದರು.

ಎಪ್ಪತ್ತೊಂದನೇ ಇಸವಿಯ ಮುಂಗಾರಿನಲ್ಲಿ ಗ್ರಾಮಸೇವಕ ಪುಟ್ಟಸಿದ್ದಯ್ಯ ಸೋಯಾ ಅವರೆ ಎಂಬ ಹೊಸ ಬೀಜ ತಂದ. ಜೊತೆಗೆ ಕಪ್ಪು ಪುಡಿಯ ಪೊಟ್ಟಣ. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಬೇಕು, ಇದರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂದು ವಿವರಿಸಿದ.

"ಕಣ್ಗೆ ಕಾಣಾಕಿಲ್ಲ, ಜೀವ ಮಾತ್ರ ಅದೆ ಅಂದ್ರೆ ಅದು ದೆವ್ವಾನೇ ಅಲ್ವಾ ಸಾ?" ಅಂದಳು ಸುವರ್ಣಮ್ಮ.

ಪುಟ್ಟಸಿದ್ದಯ್ಯ ನಕ್ಕ. ಅವು ಬೇರಿನಲ್ಲಿ ಮನೆ ಮಾಡಿಕೊಂಡು ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಊಡುತ್ತವೆ, ಗಿಡ ಅವಕ್ಕೆ ತನ್ನ ಸಕ್ಕರೆ ಕೊಡುತ್ತದೆ ಎಂದ. ಈ ಮಾತು ಅವಳಿಗೆ ಹಿಡಿಸಿತು. ಬಿಟ್ಟಿ ಎಂದಿದ್ದರೆ ಪೊಟ್ಟಣ ನಾಲೆ ಸೇರುತ್ತಿತ್ತು. ಕೊಟ್ಟು ತಗೊಳ್ಳುವ ವ್ಯವಹಾರವಾದರೆ ನೋಡೋಣ ಎಂದು ಇದ್ದ ತುಂಡಿಗೆಲ್ಲ ಅದನ್ನೇ ಬಿತ್ತಿದಳು. ಆ ವರ್ಷದ ಅವಳ ಅನ್ನವೆಲ್ಲ ಆ ಹೊಲದಲ್ಲೇ ಇತ್ತು.

ಕಳೆ ಕೀಳುವಾಗ ಕುಡುಗೋಲಿಗೆ ಸಿಕ್ಕಿ ಒಂದು ಗಿಡ ಕಿತ್ತು ಬಂತು. ಬೇರಿನ ತುಂಬ ಗಂಟು. ಕೂಲಿ ಹೆಂಗಸರು ಹಿಂದೆ ಸರಿದರು. ಈ ಸೀಮೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಬೆಳೆಯುವವರಿಗೆ ಬೇರುಗಂಟು ಎಂದರೆ ಸಾವು. ಹಿಪ್ಪುನೇರಳೆಯ ಬೇರಿಗೆ ಗಂಟು ಬಂದರೆ ಎಲೆ ಹಳದಿಯಾಗಿ ತೋಟವೇ ಸೊರಗುತ್ತದೆ. ಮೇಲಿನ ಜಮೀನಿನಲ್ಲಿ ವೃಷಭೇಂದ್ರಪ್ಪನ ಹಿಪ್ಪುನೇರಳೆ ತೋಟ. ಹನೂರಿನವರೆಗೂ ಸಸಿ ಮಾರುವವನು ಅವನು.

ಸಂಜೆಯೊಳಗೆ ಊರು ಹೊಲದ ಬದುವಿನಲ್ಲಿ ನಿಂತಿತ್ತು. ಸರ್ಕಾರದ ಪುಡಿ ರೋಗ ತಂದಿದೆ, ಕಿತ್ತು ಸುಡು ಎಂದರು ಹಿರಿಯರು. ಪುಟ್ಟಸಿದ್ದಯ್ಯನಿಗೆ ಹೇಳಿ ಕಳಿಸಿದರೆ, ಬಂದವನು ಗುಂಪು ನೋಡಿ ಬೆವೆತ. ಮೇಲಧಿಕಾರಿಗಳನ್ನು ಕೇಳಿ ಹೇಳುತ್ತೇನೆ ಎಂದು ಸೈಕಲ್ ಹತ್ತಿದ. ತಾನೇ ಹೇಳಿಕೊಟ್ಟ ಮಾತಿಗೆ ನಿಲ್ಲಲಾರದವನು ಸಂಬಳ ಏಕೆ ತಗೊಳ್ಳುತ್ತಾನೆ?

"ನಾ ಪುಡೀನೂ ನಂಬಾಕಿಲ್ಲ, ನಿಮ್ಮುನ್ನೂ ನಂಬಾಕಿಲ್ಲ," ಅಂದಳು ಸುವರ್ಣಮ್ಮ. "ಈ ಹೊಲದ ನಡುಮಧ್ಯೆ ರೇಷ್ಮೆ ಗಿಡ ನೆಡಿ. ಅದ್ಕೂ ಗಂಟು ಬಂದ್ರೆ ನಾನೇ ಬೆಂಕಿ ಇಕ್ತೀನಿ."

ಹಿರಿಯರು ಗೊಣಗಿದರು. ವೃಷಭೇಂದ್ರಪ್ಪ ಮಾತ್ರ ತಟ್ಟನೆ ಒಪ್ಪಿದ. ಮಾರನೆಯ ಬೆಳಿಗ್ಗೆ ಬೇರುಬಿಟ್ಟ ಸಸಿಗಳನ್ನು ಮಣ್ಣಿನ ಹೆಂಟೆ ಸಮೇತ ತಾನೇ ಹೊತ್ತು ತಂದ. ಅದೂ ಬಿಟ್ಟಿಯಾಗಿ.

ಅಲ್ಲೇ ಅವಳಿಗೆ ಅನುಮಾನ ಬಂತು. ಅವಳ ಹಸುವಿಗೆ ಎಂದೂ ಒಂದು ಹಿಡಿ ಸೊಪ್ಪು ಕೊಡದ ಭಾವ! ನೆಡುವ ಮೊದಲು ಸಸಿಗಳನ್ನು ನಾಲೆಗೆ ಒಯ್ದು, ಎಲ್ಲರ ಕಣ್ಣೆದುರೇ ಅದ್ದಿ ಅದ್ದಿ ತೊಳೆದಳು. ಮಣ್ಣು ಕರಗಿತು. ಸಸಿಯ ಬೇರು ಅಲ್ಲಲ್ಲಿ ಬಾವು ಬಂದಂತೆ ಊದಿಕೊಂಡಿತ್ತು.

"ಬಾವ, ಇವು ನನ್ ಮಣ್ಣ ಇನ್ನೂ ಮುಟ್ಟೇ ಇಲ್ವಲ್ಲ."

ಇವಳ ಹೊಲದಿಂದಲೇ ನೀರಿನ ಜೊತೆ ರೋಗ ತನ್ನ ತೋಟಕ್ಕೆ ಬಂದಿದೆ ಎಂದು ಅವನು ಕೂಗಾಡಿದ.

"ನಿಮ್ದು ಮೇಲು, ನಂದು ತಗ್ಗು. ನೀರು ಯಾವತ್ತಿಂದ ಮೇಲಕ್ಕೆ ಹರೀತದೆ?"

ಯಾರೋ ಕಿಸಕ್ಕೆಂದರು. ಅವಳು ಸೋಯಾದ ಬೇರನ್ನೂ ತೊಳೆದು ಗಂಟಿಗೆ ಉಗುರು ಹಾಕಿದಳು. ಮಣಿಯ ಹಾಗೆ ಕಳಚಿ ಬಂತು, ಸೀಳಿದರೆ ಒಳಗೆ ನಸುಗೆಂಪು. ಭಾವನ ಸಸಿಯ ಗಂಟು ಕಳಚಲಿಲ್ಲ. ಅಲ್ಲಿ ಬೇರಿನ ಮೈಯೇ ಊದಿತ್ತು. ಒಂದು ಬೇರಿನಲ್ಲಿ ದುಡಿಯುವ ಸೂಕ್ಷ್ಮಜೀವಿಗಳ ಮನೆ, ಇನ್ನೊಂದರಲ್ಲಿ ಬೇರು ತಿನ್ನುವ ಹುಳುವಿನ ಮನೆ. ಪುಟ್ಟಸಿದ್ದಯ್ಯ ಸೈಕಲ್ ಹತ್ತದೆ ಒಂದು ಗಳಿಗೆ ನಿಂತು ಹೇಳಬೇಕಾಗಿದ್ದ ಮಾತು ಇಷ್ಟೆ.

ಕಿತ್ತು ಸುಡು ಎಂದ ಹಿರಿಯರು ವೃಷಭೇಂದ್ರಪ್ಪನ ತೋಟಕ್ಕೆ ಹಾಗೆನ್ನಲಿಲ್ಲ. ಮುಂದೆ ನೋಡೋಣ ಎಂದರು. ಬಡವಿಯ ಹೊಲಕ್ಕೆ ಬೆಂಕಿ, ಉಳ್ಳವನ ತೋಟಕ್ಕೆ ವಾಯಿದೆ! ಸೋಯಾ ಕಾಯಿ ತುಂಬಿ ನಿಂತಾಗ ಆ ಹಿರಿಯರೇ ಅವಳ ಹಟ್ಟಿಗೆ ಬಂದು, ರೋಗದ ಸಸಿಯ ಸುದ್ದಿ ಹನೂರಿಗೆ ಹೋದರೆ ಊರಿನ ಮಾನ ಹೋಗುತ್ತದೆ, ಬಾಯಿ ಮುಚ್ಚಿಕೊಂಡಿರು ಎಂದು ಕೇಳಿಕೊಂಡರು.

ಸುವರ್ಣಮ್ಮ ಸೆರಗು ಬಿಗಿದು ಕಣಕ್ಕೆ ಹೊರಟಿದ್ದಳು. "ನನ್ ಬೆಳೆ ಸುಡು ಅಂದಾಗ ನಾಕೂರಿಗೆ ಕೇಳಂಗೆ ಅಂದ್ರಲ್ಲಣ್ಣ," ಅಂದಳು. "ಇದೂ ಕೇಳ್ಲಿ ಬುಡಿ."