ತೂಕದ ಮೇಷ್ಟ್ರಿಗೆ ಸ್ವಲ್ಪ ಜಾಸ್ತಿ

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೆಂಟು ವರ್ಷದಿಂದ ಅಂಗಡಿ ಅಂಗಡಿ ಸುತ್ತಿ ತೂಕದ ಯಂತ್ರ ರಿಪೇರಿ ಮಾಡುತ್ತಿದ್ದರು. ಐದು ಗ್ರಾಂ ಆಚೀಚೆಯಾದರೂ "ಇದು ಸುಳ್ಳು ಹೇಳ್ತಿದೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರಿಂದ ಮಾರುಕಟ್ಟೆಯವರು ಅವರನ್ನು ತೂಕದ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಮಾರುಕಟ್ಟೆಯ ಗೇಟಿನ ಹತ್ತಿರ ನರ್ಸೊಬ್ಬರು ಟೇಬಲ್ ಹಾಕಿಕೊಂಡು ಎಲ್ಲರ ಬಿಪಿ ನೋಡುತ್ತಿದ್ದರು. ಮೇಷ್ಟ್ರೂ ತೋಳು ಚಾಚಿದರು. ನೂರ ಮೂವತ್ತಾರು, ಎಂಬತ್ತೆಂಟು.

"ಸ್ವಲ್ಪ ಜಾಸ್ತಿ ಇದೆ," ಎಂದರು ನರ್ಸು.

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ ಸ್ವಲ್ಪಾನೇ. ಒಂದ್ಸಲ ಡಾಕ್ಟ್ರಿಗೆ ತೋರಿಸಿ."

ಹಿಂದೆ ನಿಂತಿದ್ದ ಹಾರ್ಡ್‌ವೇರ್ ಅಂಗಡಿಯವನಿಗೂ ಸ್ವಲ್ಪ ಜಾಸ್ತಿ, ಪ್ರಿಂಟಿಂಗ್ ಪ್ರೆಸ್ಸಿನವನಿಗೂ ಸ್ವಲ್ಪ ಜಾಸ್ತಿ. ಮೇಷ್ಟ್ರಿಗೆ ಅನುಮಾನ ಬಂತು. ಬಂದವರಿಗೆಲ್ಲ ಜಾಸ್ತಿ ತೋರಿಸಿದರೆ ತಪ್ಪು ಯಂತ್ರದ್ದೇ ಇರಬೇಕಲ್ಲ?

"ಸಿಸ್ಟರ್, ನಿಮ್ಮ ಮಿಷನ್ ಸರಿಯಿದೆಯಾ?"

ನರ್ಸು ಬೇಜಾರು ಮಾಡಿಕೊಳ್ಳದೆ ಚೀಲದಿಂದ ಇನ್ನೊಂದು ತೆಗೆದು ನೋಡಿದರು. ನೂರ ಮೂವತ್ನಾಲ್ಕು. "ಪೇಟೆಯಲ್ಲಿ ಬಹಳ ಜನ ಹೀಗೇ ಇದ್ದಾರೆ. ಅವರಿಗೇ ಗೊತ್ತಿರಲ್ಲ, ಅಷ್ಟೆ."

ಮನೆಯಲ್ಲಿ ಹೆಂಡತಿ ನಕ್ಕುಬಿಟ್ಟಳು. "ಹೊಟ್ಟೆ ತುಂಬಾ ಊಟ ಮಾಡ್ತೀರಿ, ಗೊರಕೆ ಹೊಡೀತೀರಿ. ಎಲ್ಲಿದೆಯಂತೆ ಕಾಯಿಲೆ?"

ಅದೂ ನಿಜವೇ. ಮೇಷ್ಟ್ರು ಒಂದು ಬಿಪಿ ಯಂತ್ರ ಕೊಂಡು ತಂದರು. ಎದ್ದ ಕೂಡಲೇ ಒಂದು ಲೆಕ್ಕ, ಮೆಟ್ಟಿಲು ಹತ್ತಿ ಬಂದರೆ ಇನ್ನೊಂದು, ಸ್ನಾನ ಆದಮೇಲೆ ಮತ್ತೊಂದು. ಅವರ ಕಸುಬಿನಲ್ಲಿ ಕಿಲೋ ಎಂದರೆ ಬೆಳಿಗ್ಗೆಯೂ ಕಿಲೋ, ಸಂಜೆಯೂ ಕಿಲೋ. ತಮ್ಮ ತೋಳೇ ಹೀಗೆ ಮಾತು ಬದಲಾಯಿಸುವುದು ಕಂಡು ಅವರಿಗೆ ತಲೆಬುಡ ತಿಳಿಯಲಿಲ್ಲ.

ವಾರ ಕಳೆದು, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋದರು.

"ಡಾಕ್ಟ್ರೇ, ನಾನು ರೋಗಿನಾ, ಅಲ್ವಾ? ಒಂದೇ ಮಾತು ಹೇಳಿಬಿಡಿ."

"ಈಗಲೇ ಮಾತ್ರೆ ಬೇಡ. ಹಾಗಂತ ಕಡೆಗಣಿಸೋ ಹಾಗೂ ಇಲ್ಲ. ಉಪ್ಪು ಕಮ್ಮಿ ಮಾಡಿ, ದಿನಾ ನಡೀರಿ," ಎಂದ ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ಬಂದಿದ್ದೀರಲ್ಲ, ನೀವೂ ಕೂತ್ಕೊಳ್ಳಿ."

ಅವಳದು ನೂರ ಐವತ್ತೆಂಟು. ಐದು ನಿಮಿಷ ಬಿಟ್ಟು ನೋಡಿದರೂ ಅಷ್ಟೇ.

"ನನಗೇನೂ ಆಗ್ತಾನೇ ಇಲ್ವಲ್ಲ," ಎಂದಳು ಅವಳು. ಅವಳ ನಗು ಬಾಯಲ್ಲೇ ಉಳಿಯಿತು. ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

ಮತ್ತೆರಡು ಸಲ ನೋಡಿದ ಮೇಲೆ ಅವಳಿಗೆ ಮಾತ್ರೆ ಶುರುವಾಯಿತು. ಇಬ್ಬರೂ ದಿನಾ ಸಂಜೆ ನಡೆದರು, ಸಪ್ಪೆ ಊಟಕ್ಕೆ ಒಗ್ಗಿಕೊಂಡರು. ಮೂರು ತಿಂಗಳಿಗೆ ಇಬ್ಬರದೂ ನೂರ ಮೂವತ್ತೆರಡು.

"ನಿಮ್ಮದು ಬಹಳ ಚೆನ್ನಾಗಿದೆ," ಎಂದರು ಡಾಕ್ಟರು ಅವಳಿಗೆ. ಮೇಷ್ಟ್ರಿಗೆ, "ನಿಮ್ಮದು ಇನ್ನೂ ಸ್ವಲ್ಪ ಜಾಸ್ತಿ."

"ಎರಡೂ ಒಂದೇ ಅಲ್ವಾ, ಡಾಕ್ಟ್ರೇ?"

"ಅವರು ಎಲ್ಲಿಂದ ಇಳಿದು ಬಂದಿದ್ದಾರೆ ನೋಡಿ. ನೀವು ಇನ್ನೂ ಅಲ್ಲೇ ಇದ್ದೀರಿ."

ಮೇಷ್ಟ್ರು ಅರ್ಥವಾದವರ ಹಾಗೆ ತಲೆಯಾಡಿಸಿದರು. ರಸ್ತೆಗೆ ಬಂದ ಮೇಲೆ ಮೆಲ್ಲಗೆ ಕೇಳಿದರು: "ನಿನಗೇನಾದ್ರೂ ತಿಳೀತಾ?"

"ಇಲ್ಲಪ್ಪ," ಎಂದಳು ಅವಳು. "ನಡೀರಿ, ಹೊತ್ತಾಯ್ತು."