ಖಡಕಿಯ ಪಾದ್ರಿಯ ಮೇಲೆ ಎಲ್ಲರ ಕಣ್ಣು

ಪುಣೆ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಭೋಂಗಾ ಸೈರನ್ನು ಕೂಗುವ ಮೊದಲೇ ದೇವದಾಸರ ಸೈಕಲ್ಲು ಕಾರ್ಮಿಕರ ಸಾಲುಮನೆಗಳ ಚಾಳಿಗೆ ಬಂದಿರುತ್ತದೆ. ಯುದ್ಧ ಮುಗಿದರೂ ಪಾಳಿ ನಿಂತಿಲ್ಲ. ಉಡುಪಿ ಕಡೆಯ ಈ ಪಾದ್ರಿ ಕೆಲಸಕ್ಕೆ ಹೊರಟವರಿಗೆ ಬಾಗಿಲಲ್ಲೇ ಪ್ರಾರ್ಥನೆ ಮಾಡುತ್ತಾರೆ, ಜ್ವರದವರ ಹಣೆ ಮುಟ್ಟಿ ನೋಡುತ್ತಾರೆ. ಜನ ತಲೆಯೇನೋ ಬಾಗಿಸುತ್ತಾರೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಇಷ್ಟು ಬೆಳಗ್ಗೆ ಇಸ್ತ್ರಿ ಕೋಟು ಯಾಕೆ, ಇಲ್ಲಿಂದ ಸವಾರಿ ಎಲ್ಲಿಗೆ ಎಂದು ಅಳೆಯುತ್ತಿರುತ್ತಾರೆ. ಅದು ದೇವದಾಸರಿಗೂ ಗೊತ್ತಿದೆ.

ಗದಗ-ಬೆಟಗೇರಿಯಿಂದ ಬಂದ ಈ ಕ್ರೈಸ್ತ ಕುಟುಂಬಗಳಿಗೆ ಪುಣೆಯಲ್ಲಿ ಕನ್ನಡದ ಪಾದ್ರಿ ಇವರೊಬ್ಬರೇ. ಎಂ.ಎ. ಮುಗಿಸಿದ ಇವರ ಮುಂದೆ ಎರಡು ಡಾಕ್ಟರೇಟುಗಳಿದ್ದವು. ತತ್ವಶಾಸ್ತ್ರದ್ದನ್ನು ಹಿಡಿದರೆ ಕಾಲೇಜೊಂದು ಆಗಿನಿಂದಲೇ ಅರ್ಧ ದಿನ ಪಾಠ ಹೇಳುವ ಕೆಲಸ ಕೊಡುತ್ತಿತ್ತು. ದೈವಶಾಸ್ತ್ರದ್ದಾದರೆ ಚರ್ಚಿನ ಸಭೆಯ ಕೆಲಸವೇ ಗತಿ. ಕಾಲೇಜನ್ನು ಬಿಡಬೇಡಿ ಎಂದರು ಹೆಂಡತಿ ಕುಸುಮ. ದೇವದಾಸರಿಗೂ ಪಾಠ ಹೇಳುವ ಆಸೆ ಇತ್ತು, ಸುಳ್ಳೇಕೆ?

ಚಾಳಿನವರ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ಮಳೆಗಾಲದಲ್ಲಿ ಭೀಮವ್ವನ ಗಂಡ ಕಾಂತಪ್ಪ ತೀರಿಕೊಂಡಾಗ ದೇವದಾಸರು ಆ ಕಾಲೇಜಿನ ಪ್ರಿನ್ಸಿಪಾಲರ ಎದುರು ಕೂತಿದ್ದರು. ಮರಾಠಿ ಪಾದ್ರಿ ಬಂದು ಮಣ್ಣು ಮಾಡಿಸಿದರು. ಈ ಜನರಲ್ಲಿ ಒಂದು ರೂಢಿಯಿದೆ. ಮಣ್ಣು ಹಾಕುವ ಮುನ್ನ ಪಾದ್ರಿ ಸತ್ತವರ ಊರು, ಮನೆತನ, ಹಿರಿಯರ ಹೆಸರು ಹೇಳಿ, ಇಂಥವರನ್ನು ಕಳಿಸಿಕೊಡುತ್ತಿದ್ದೇವೆ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಸಾರಬೇಕು. ಬಂದ ಪಾದ್ರಿಗೆ ಪಾಪ, ಅದು ಗೊತ್ತಿರಲಿಲ್ಲ. ಕಾಂತಪ್ಪ ಊರಿಲ್ಲದವರ ಹಾಗೆ ಮಣ್ಣಿಗೆ ಹೋದರು.

ಅಂದಿನಿಂದ ದೇವದಾಸರು ಬಂದರೆ ಮಾತು ನಿಲ್ಲುತ್ತದೆ. ಸಭೆಯ ಹಿರಿಯ, ಫಿಟರ್ ಫಕೀರಪ್ಪ ಒಳಗೊಳಗೇ ಬೇರೆ ಪಾದ್ರಿಯನ್ನು ಹುಡುಕುತ್ತಿದ್ದಾರೆಂದು ದೇವದಾಸರಿಗೂ ಗುಮಾನಿ ಬಂತು. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟರು. ಫಕೀರಪ್ಪ ಮುಚ್ಚಿಡಲಿಲ್ಲ.

"ಹೌದ್ರಿ, ಗದಗಿನಿಂದ ಕರಸಾಕತ್ತೀವಿ. ನೀವು ಹೋಗೋರಂತ ತಿಳದೀವ್ರಿ."

ಹಾಗಾದರೆ ನೀವೇ ಹೇಳಿ, ಯಾವುದನ್ನು ಓದಲಿ ಎಂದು ದೇವದಾಸರು ಸಭೆಯ ಮುಂದಿಟ್ಟರು. ಎದ್ದು ನಿಂತವರು ಭೀಮವ್ವ.

"ಯಾವುದರೆ ಓದ್ರಿ, ಅದು ನಮಗ ತಿಳಿಯಂಗಿಲ್ಲ. ನಾ ಸತ್ತ ದಿನ ಎಲ್ಲಿರ್ತೀರಿ, ಅಷ್ಟ ಹೇಳ್ರಿ."

ಕಾಲೇಜಿಗೆ ಅರ್ಧ ದಿನ ತಾನೇ ಎಂದುಕೊಂಡಿದ್ದರು ದೇವದಾಸರು. ಸಾವು ಯಾವ ಅರ್ಧದಲ್ಲಿ ಬರುತ್ತದೆಂದು ಯಾರು ಬಲ್ಲರು? ಮರುದಿನವೇ ಕಾಲೇಜಿಗೆ ಹೋಗಿ ಒಲ್ಲೆ ಎಂದು ಹೇಳಿ ಬಂದರು, ದೈವಶಾಸ್ತ್ರ ಆರಿಸಿಕೊಂಡರು. ಕುಸುಮ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಚಾಳಿನವರೋ, ಪೂರ್ತಿ ನಂಬಿಲ್ಲ. ಗದಗಿನ ಮಾತುಕತೆಯೂ ನಿಂತಿಲ್ಲ. ಇದರಿಂದ ಬೇಸರವಿಲ್ಲವೇ ಎಂದರೆ ದೇವದಾಸರು ಸೈಕಲ್ಲನ್ನು ಗೋಡೆಗೆ ಒರಗಿಸಿ ಹೇಳುತ್ತಾರೆ.

"ಬೇಸರ ಉಂಟು. ಆದ್ರೆ ನನ್ನನ್ನು ನಂಬಿ ಅಂತ ಹೇಗೆ ಹೇಳುವುದು? ಮೊನ್ನೆ ಭೀಮವ್ವ ಎದುರು ಕೂರಿಸಿಕೊಂಡು ಅವರ ಮನೆತನದ ಹಿರಿಯರ ಹೆಸರನ್ನೆಲ್ಲ ನನ್ನ ಬಾಯಲ್ಲಿ ಹೇಳಿಸಿದ್ರು. ಸಂಶಯ ಹೋಗದೆ ಮತ್ತೊಮ್ಮೆ ಹೇಳಿಸಿದ್ರು. ನಾನು ಒಂದೂ ತಪ್ಪಲಿಲ್ಲ."