ಗಂಟಿಗೆ ಉಳಿಯುವ ದಾರ

ಇಂಗ್ಲಿಷರ ಆಳಿಕೆ ಇನ್ನೂ ಇದ್ದಾಗ, ಪುಣೆಯ ಕಸಬಾ ಪೇಠೆಯ ನಮ್ಮ ವಾಡೆಯಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದವಳು ಧಾರವಾಡ ಕಡೆಯ ಒಬ್ಬ ಸೂಲಗಿತ್ತಿ. ಮಾತು ಕಡಿಮೆ, ಕೈ ದೊಡ್ಡವು. ಕೂಸಿಗೆ ಎರೆದ ಮೇಲೆ ಕರಿದಾರವನ್ನು ಅದರ ತಲೆಗೆ ಸುತ್ತಿ, ಅಷ್ಟೇ ಅಳತೆಗೆ ಕತ್ತರಿಸಿ, ಅದನ್ನೇ ಸೊಂಟಕ್ಕೆ ಉಡದಾರ ಕಟ್ಟುತ್ತಿದ್ದಳು. ಹುಟ್ಟಿದ ಕೂಸಿನ ತಲೆ ಸೊಂಟಕ್ಕಿಂತ ದೊಡ್ಡದಿರಬೇಕು. ಆಗ ದಾರ ಸುತ್ತಿಯೂ ಉಳಿಯುತ್ತದೆ. "ಗಂಟಿಗೆ ಉಳೀತ್ರಿ" ಎನ್ನುತ್ತಿದ್ದಳು. ಅದನ್ನು ಕೇಳಿದ ಮೇಲೆಯೇ ಸಕ್ಕರೆ ಹಂಚುತ್ತಿದ್ದರು.

ನನ್ನ ಎರಡನೆಯ ಮಗಳು ಹುಟ್ಟಿದಾಗ ದಾರದ ತುದಿಗಳು ಸೊಂಟದಲ್ಲಿ ಕೂಡಲಿಲ್ಲ. ನಡುವೆ ಎರಡು ಬೆರಳು ಬಯಲು. ಸೂಲಗಿತ್ತಿ ಮತ್ತೆ ತಲೆಗೆ ಸುತ್ತಿ ನೋಡಿದಳು, ಮತ್ತೆ ಸೊಂಟಕ್ಕೆ ತಂದಳು.

"ಯಾಕ, ಕಟ್ಟೂದು ಮರತಿಯೇನ? ಕಣ್ಣಿಗೆ ಪೊರಿ ಬಂತೇನ?" ಎಂದರು ನಮ್ಮ ಅತ್ತೆ.

"ಹೌದ್ರೀ ಅವ್ವಾರ, ಕತ್ತರಸೂದು ತಪ್ಪೇತಿ."

ಉಂಡೆಯಿಂದ ಉದ್ದನೆಯ ದಾರ ಎಳೆದು, ಅಳತೆಯಿಲ್ಲದೆ ಕಟ್ಟಿದಳು. ಗಿಡ್ಡ ದಾರವನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು. ಸಕ್ಕರೆ ಕೊಟ್ಟರೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಒಳಗೆ ಹೋದಾಗ ಕೇಳಿದೆ. "ತಲಿ ಮುಂದ ಬೆಳೀತದೇನ?"

"ನನಗ ದಾರದಷ್ಟ ಗೊತ್ತು, ತಂಗಿ. ಹಾಲು ಕುಡಸು."

ಮಗಳು ಆರು ವರ್ಷ ಬದುಕಿದಳು. ಕತ್ತು ನಿಲ್ಲಲಿಲ್ಲ, ನನ್ನ ಗುರುತು ಹತ್ತಲಿಲ್ಲ. ಉಡದಾರ ಬಿಗಿಯಾದಾಗಲೆಲ್ಲ ಸೂಲಗಿತ್ತಿಯೇ ಬಂದು ಬದಲಿಸುತ್ತಿದ್ದಳು. ಹುಟ್ಟಿದಾಗ ತಲೆಯ ಅಳತೆಗೆ ಹೊಲಿದ ಕುಲಾವಿ ಮಾತ್ರ ಕೊನೆಯವರೆಗೂ ಸಾಕಾಯಿತು.